ಉಪ್ಸಾಲಾದಲ್ಲಿ 88 ದಿನ, ನನ್ನ ರಾಗಿ ಡೇಟಾ ಜೊತೆ

2019ರ ಸೆಪ್ಟೆಂಬರ್‌ನಿಂದ ನವೆಂಬರ್ ಕೊನೆವರೆಗೆ ಸ್ವೀಡನ್ನಿನ ಉಪ್ಸಾಲಾ ಯೂನಿವರ್ಸಿಟಿಲಿ ವಿಸಿಟಿಂಗ್ ರಿಸರ್ಚರ್ ಆಗಿದ್ದೆ. ಒಟ್ಟು 88 ದಿನ, ಯಾಕಂದ್ರೆ 90 ದಿನದ ಒಳಗಾದ್ರೆ ಷೆಂಗನ್ ವೀಸಾ ಸಾಕು, ದಾಟಿದ್ರೆ ರೆಸಿಡೆನ್ಸ್ ಪರ್ಮಿಟ್ ಅಂತ ಬೇರೆ ದಾರಿ, ಅದಕ್ಕೆ ಕಾಯೋಷ್ಟು ಟೈಮ್ ನನಗಿರಲಿಲ್ಲ.

ನನ್ನ ಕೆಲಸ ರಾಗಿ ಜೀನೋಮ್, ಅಂದ್ರೆ ರಾಗಿಯ ಇಡೀ ಡಿಎನ್‌ಎ. ಸುಮಾರು 60 ತಳಿಗಳ ಸೀಕ್ವೆನ್ಸ್ (ಡಿಎನ್‌ಎ ಅಕ್ಷರಗಳನ್ನ ಓದಿದ ಡೇಟಾ) ಇತ್ತು, ಬೆಂಕಿ ರೋಗ ತಡ್ಕೊಳ್ಳೋವು, ತಡ್ಕೊಳ್ಳದೇ ಇರೋವು, ಜೊತೆಗೆ ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಇಂಡಿಯಾದ ರಾಗಿಗೂ ಆಫ್ರಿಕಾದ ರಾಗಿಗೂ ಕ್ರಾಸ್ ಮಾಡಿ ತಂದ ಇಂಡಾಫ್ ತಳಿಗಳು. ಬೀಜ ಒಂದು ಕಾಳೂ ತಗೊಂಡು ಹೋಗ್ಲಿಲ್ಲ, ಅದಕ್ಕೆ ಜೀವವೈವಿಧ್ಯ ಕಾಯ್ದೆ ಪರ್ಮಿಷನ್ನು, ಸಸ್ಯ ಆರೋಗ್ಯ ಸರ್ಟಿಫಿಕೇಟು ಎಲ್ಲ ಬೇಕು, ಡೇಟಾ ಮಾತ್ರ ಒಯ್ದೆ. ಸುಮಾರು 700 ಜಿಬಿ. ಇಲ್ಲಿಂದಲೇ ಕಳಿಸೋಣ ಅಂತ ಹೊರಡೋ ಮುಂಚೆ ಒಂದು ವಾರ ಆರ್‌ಸಿಂಕ್ ಅನ್ನೋ ಫೈಲ್ ಕಳಿಸೋ ಪ್ರೋಗ್ರಾಂ ಓಡಿಸಿದ್ದೆ, ಮಧ್ಯೆ ಮಧ್ಯೆ ಲೈನ್ ಕಟ್ ಆಗಿ ಕಾಲು ಭಾಗನೂ ಹೋಗಿರಲಿಲ್ಲ, ಕೊನೆಗೆ 2 ಟಿಬಿ ಹಾರ್ಡ್ ಡಿಸ್ಕಿಗೆ ಹಾಕ್ಕೊಂಡು ಕೈ ಬ್ಯಾಗಲ್ಲೇ ಇಟ್ಕೊಂಡು ಹೋದೆ. ಅಲ್ಲಿ ಕಾಪಿ ಮಾಡಿ ಚೆಕ್‌ಸಮ್ (ಫೈಲ್ ಕೆಟ್ಟಿದೆಯಾ ಅಂತ ತಿಳಿಯೋಕೆ ಅದರಿಂದಲೇ ಲೆಕ್ಕ ಹಾಕೋ ಸಂಖ್ಯೆ) ನೋಡಿದ್ರೆ ಮೂರು ಫೈಲ್ ಹೊಂದ್ತಿಲ್ಲ. ಮನೇಲಿ ಇನ್ನೊಂದು ಕಾಪಿ ಇತ್ತು, ಅದಕ್ಕೆ ಬಚಾವಾದೆ. ಹೋಗೋರಿಗೆ ನಾನು ಮೊದಲು ಹೇಳೋದು ಇದೇ: ಹೊರಡೋ ಮುಂಚೆ ಎಲ್ಲ ಫೈಲ್‌ಗೂ ಚೆಕ್‌ಸಮ್ ತೆಗೆದು ಲಿಸ್ಟ್ ಇಟ್ಕೊಳ್ಳಿ, ಕ್ಲಸ್ಟರ್ (ಒಟ್ಟಿಗೆ ಜೋಡಿಸಿದ ತುಂಬಾ ಕಂಪ್ಯೂಟರ್‌ಗಳು) ಅಕೌಂಟ್ ಅರ್ಜಿನೂ ಊರಿಂದಲೇ ಶುರು ಮಾಡಿ. ಅಕೌಂಟು ಮತ್ತೆ ಈ ಫೈಲ್‌ಗಳು ಸೇರಿ ನನ್ನ ಮೊದಲ ಎರಡು ವಾರ ತಿಂದುಹಾಕಿದ್ವು.

ಯೂನಿವರ್ಸಿಟಿಯ ಕಂಪ್ಯೂಟಿಂಗ್ ಸೆಂಟರ್ ಹೆಸರು ಉಪ್‌ಮ್ಯಾಕ್ಸ್, ಆಗ ಅಲ್ಲಿದ್ದ ಕ್ಲಸ್ಟರ್ ರಾಕಮ್, ಒಂದೊಂದು ನೋಡ್‌ಗೆ, ಅಂದ್ರೆ ಅದರೊಳಗಿನ ಒಂದೊಂದು ಕಂಪ್ಯೂಟರ್‌ಗೆ, 20 ಕೋರ್, 128 ಜಿಬಿ ಮೆಮೊರಿ. ಸ್ಲರ್ಮ್‌ಗೆ (ಕ್ಲಸ್ಟರ್‌ನಲ್ಲಿ ಕೆಲಸಗಳನ್ನ ಸರದಿಗೆ ಹಾಕೋ ಸಾಫ್ಟ್‌ವೇರ್) ಜಾಬ್ ಕೊಟ್ಟು ಸಂಜೆ ಹೋದ್ರೆ ಬೆಳಿಗ್ಗೆ ಅಷ್ಟೂ ತಳಿಯ ಮ್ಯಾಪಿಂಗ್ (ಓದಿದ ಡಿಎನ್‌ಎ ತುಂಡುಗಳನ್ನ ಒಂದು ಮಾದರಿ ಜೀನೋಮ್ ಮೇಲೆ ಅವುಗಳ ಜಾಗಕ್ಕೆ ಕೂರಿಸೋದು) ಮುಗಿದಿರೋದು, ಊರಲ್ಲಾಗಿದ್ರೆ ವಾರಗಟ್ಟಲೆ ಕಾಯ್ಬೇಕಿತ್ತು. ಆದ್ರೆ ನನಗೆ ಅಲ್ಲಿ ನಿಜವಾಗ್ಲೂ ಸಿಕ್ಕಿದ್ದು ಕ್ಲಸ್ಟರ್‌ನಿಂದ ಅಲ್ಲ, ಫೀಕಾದಿಂದ.

ಫೀಕಾ ಅಂದ್ರೆ ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಮೂರಕ್ಕೆ ಎಲ್ಲರೂ ಕೆಲಸ ಬಿಟ್ಟು ಒಟ್ಟಿಗೆ ಕೂತು ಕಾಫಿ ಕುಡಿಯೋದು. ಪ್ರೊಫೆಸರ್ ಪಕ್ಕದಲ್ಲೇ ಹೊಸ ವಿದ್ಯಾರ್ಥಿ, ಎಲ್ಲರನ್ನೂ ಎಲ್ಲರೂ ಹೆಸರು ಹಿಡಿದೇ ಕರೀತಾರೆ. ನನ್ನ ಬಾಯಿಂದ ‘ಸರ್’ ಹೋಗೋಕೆ ತಿಂಗಳೇ ಬೇಕಾಯ್ತು.

ಐದನೇ ವಾರ ಇರಬೇಕು, ಫೀಕಾದಲ್ಲಿ ಲ್ಯಾಪ್‌ಟಾಪ್ ತೆಗೆದು ಖುಷಿಯಿಂದ ತೋರಿಸ್ತಿದ್ದೆ, ನೋಡಿ ಇಂಡಾಫ್ ತಳಿಗಳಲ್ಲಿ ಎಷ್ಟೊಂದು ಹೆಟೆರೋಜೈಗಸ್ (ತಾಯಿ ಕಡೆದು, ತಂದೆ ಕಡೆದು ಎರಡು ಪ್ರತಿಲಿ ಬೇರೆ ಬೇರೆ ಅಕ್ಷರ ಇರೋ) ಜಾಗ ಇದೆ, ಆಫ್ರಿಕಾ ಕ್ರಾಸ್‌ನ ಗುರುತು ಇನ್ನೂ ಉಳ್ಕೊಂಡಿದೆ ಅಂತ. ಎದುರಿಗೆ ಕೂತಿದ್ದ ಪಿಎಚ್‌ಡಿ ಹುಡುಗಿ ಕೇಳಿದ್ಲು, ರಾಗಿ ತನಗೆ ತಾನೇ ಪರಾಗಸ್ಪರ್ಶ ಮಾಡ್ಕೊಳ್ಳೋ ಬೆಳೆ ಅಲ್ವಾ? ಕ್ರಾಸ್ ಆದ್ಮೇಲೆ ಪ್ರತಿ ಪೀಳಿಗೆಗೂ ಅದು ಅರ್ಧ ಅರ್ಧ ಆಗ್ತಾ ಹೋಗ್ಬೇಕಲ್ಲ, ಇಷ್ಟೊಂದು ಹೇಗೆ ಉಳೀತು? ಕ್ರಾಸ್ ಆಗದೇ ಇರೋ ತಳಿಗಳಲ್ಲಿ ಎಷ್ಟಿದೆ? ಅವತ್ತೇ ಎಣಿಸಿದೆ. ಅವುಗಳಲ್ಲೂ ಅಷ್ಟೇ ಇತ್ತು, ಅಂದ್ರೆ ಅದು ಕ್ರಾಸ್‌ನ ಗುರುತೇ ಅಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ರಾಗಿ ಒಳಗೆ ಎ ಮತ್ತು ಬಿ ಅಂತ ಎರಡು ಜೀನೋಮ್ ಇದೆ, 36 ಕ್ರೋಮೋಸೋಮು, ಎರಡೂ ಅಣ್ಣತಮ್ಮಂದಿರ ಹಾಗೆ ಒಂದಕ್ಕೊಂದು ಹೋಲ್ತವೆ. ನಾನು ಬಳಸಿದ್ದ ರೆಫರೆನ್ಸ್, ಅಂದ್ರೆ ಆ ಮಾದರಿ ಜೀನೋಮ್, ನಮ್ಮ ಬೆಂಗಳೂರಿನ ಎಂಎಲ್-365 ತಳಿದು, 2017ರಲ್ಲಿ ಬಂದಿದ್ದು, ರಾಗಿಗೆ ಅಂತ ಬಂದ ಮೊದಲ ಜೀನೋಮ್ ಅದು, ಅದರ ಬಗ್ಗೆ ನನಗೆ ಅಭಿಮಾನ ಈಗ್ಲೂ ಇದೆ. ಆದ್ರೆ ಅದನ್ನ ಕಟ್ಟಿದ್ದು ಸಣ್ಣ ಸಣ್ಣ ರೀಡ್‌ಗಳಿಂದ (ಓದಿದ ಡಿಎನ್‌ಎ ತುಂಡುಗಳಿಂದ), ಆ ಥರ ಕಟ್ಟಿದಾಗ ಎ ಮತ್ತು ಬಿ ಪ್ರತಿಗಳು ಕೆಲವು ಕಡೆ ಒಂದೇ ಆಗಿ ಕೂತುಬಿಡ್ತವೆ. ಆಗ ಎರಡರ ರೀಡ್‌ಗಳೂ ಒಂದೇ ಜಾಗಕ್ಕೆ ಬಂದು ಬೀಳ್ತವೆ, ಎ ನಲ್ಲಿ ಒಂದಕ್ಷರ, ಬಿ ನಲ್ಲಿ ಇನ್ನೊಂದಕ್ಷರ ಇದ್ರೆ ಸಾಫ್ಟ್‌ವೇರ್ ಅದನ್ನ ಹೆಟೆರೋಜೈಗಸ್ ಅನ್ಕೊಳ್ಳತ್ತೆ. ಆ ಜಾಗಗಳ ಡೆಪ್ತ್ (ಒಂದು ಜಾಗದ ಮೇಲೆ ಬಿದ್ದ ರೀಡ್‌ಗಳ ಎಣಿಕೆ) ತೆಗೆದು ನೋಡಿದೆ, ಉಳಿದ ಕಡೆಗಿಂತ ಸರಿಯಾಗಿ ಎರಡರಷ್ಟು.

ಮತ್ತೆ ಮೊದಲಿಂದ ಶುರು ಮಾಡಿದೆ. 2018ರಲ್ಲಿ ಬಂದಿದ್ದ ಪಿಆರ್-202 ತಳಿಯ ಜೀನೋಮ್ ತಗೊಂಡೆ, ಅದರ ತುಂಡುಗಳು ತುಂಬಾ ಉದ್ದ ಇದ್ವು. ಮ್ಯಾಪಿಂಗ್ ಕ್ವಾಲಿಟಿ (ರೀಡ್ ಆ ಜಾಗದ್ದೇ ಅನ್ನೋ ಖಾತ್ರಿಯ ಅಂಕ) 30ಕ್ಕಿಂತ ಕಮ್ಮಿ ಇರೋ ರೀಡ್ ಬಿಟ್ಟೆ, ಡೆಪ್ತ್ ಜಾಸ್ತಿ ಇರೋ ಜಾಗ ಬಿಟ್ಟೆ, ಹತ್ತರಲ್ಲಿ ಒಂದಕ್ಕಿಂತ ಜಾಸ್ತಿ ತಳಿಗಳು ಹೆಟೆರೋಜೈಗಸ್ ಅಂತ ಬಂದ ಜಾಗನೂ ಬಿಟ್ಟೆ. ಸ್ನಿಪ್‌ಗಳಲ್ಲಿ (ತಳಿಯಿಂದ ತಳಿಗೆ ಒಂದಕ್ಷರ ಬದಲಾಗೋ ಜಾಗಗಳು) ಅರ್ಧಕ್ಕಿಂತ ಜಾಸ್ತಿ ಹೋಯ್ತು, ಎರಡು ವರ್ಷದ ಕೆಲಸ ಕಣ್ಣೆದುರಿಗೇ ಕರಗಿದ್ದು ನೋಡಿ ಸಂಕಟ ಆಯ್ತು, ಆದ್ರೆ ಇಂಡಾಫ್ ತಳಿಗಳು ಉಳಿದ ತಳಿಗಳ ಜೊತೆ ಹೋಲಿಸಿದಾಗ ಎಲ್ಲಿರಬೇಕೋ ಅಲ್ಲೇ ಬಂದು ನಿಂತ್ವು, ಇಂಡಿಯಾ ಗುಂಪಿಗೂ ಆಫ್ರಿಕಾ ಗುಂಪಿಗೂ ಮಧ್ಯೆ. ಮೊದಲು ಆ ಗಲಾಟೆಯೊಳಗೆ ಅದು ಕಾಣ್ತಾನೇ ಇರಲಿಲ್ಲ.

ಉಪ್ಸಾಲಾ ಅಂದ್ರೆ ಗಿಡಗಳಿಗೆ ಎರಡು ಪದದ ಲ್ಯಾಟಿನ್ ಹೆಸರಿಡೋ ಪದ್ಧತಿ ತಂದ ಲಿನೇಯಸ್ ಇದ್ದ ಊರು, ಸಮಾಧಿನೂ ಅಲ್ಲಿನ ಕೆಥೀಡ್ರಲ್ ಒಳಗಿದೆ. ರಾಗಿಯ ವೈಜ್ಞಾನಿಕ ಹೆಸರಲ್ಲಿರೋ ‘ಕೊರಾಕಾನ’ ಅನ್ನೋ ಪದ ಕೊಟ್ಟಿದ್ದು ಅವನೇ, 1759ರಲ್ಲಿ, ಸಿಂಹಳದಲ್ಲಿ ರಾಗಿಗೆ ಕುರಕ್ಕನ್ ಅಂತಾರಲ್ಲ ಅದರಿಂದ. ನವೆಂಬರ್ ಕೊನೆಗೆ ಮೂರು ಗಂಟೆ ಹೊತ್ತಿಗೇ ಸೂರ್ಯ ಮುಳುಗೋದು, ಆಮೇಲಿನ ಕತ್ತಲಲ್ಲಿ ರೂಮಿಗೆ ಬಂದು ಊರಿಂದ ತಂದಿದ್ದ ಹಿಟ್ಟಲ್ಲಿ ಮುದ್ದೆ ತೊಳಸ್ತಾ ಇದನ್ನ ನೆನೆಸ್ಕೊಂಡ್ರೆ ಏನೋ ಒಂಥರಾ ಹತ್ತಿರ ಅನ್ನಿಸೋದು.

ಕೊನೇ ಎರಡು ವಾರ ಹೊಸ ಅನಾಲಿಸಿಸ್ ಏನೂ ಮಾಡಲಿಲ್ಲ, ಇಡೀ ಕೆಲಸನ ಒಂದು ಸ್ನೇಕ್‌ಮೇಕ್ (ಎಲ್ಲ ಹಂತಗಳನ್ನ ಸಾಲಾಗಿ ತಾನೇ ಓಡಿಸೋ ಟೂಲ್) ಫೈಲಿಗೆ ಬರೆದು, ಟೂಲ್‌ಗಳ ವರ್ಷನ್ ಎಲ್ಲ ಬದಲಾಗದ ಹಾಗೆ ಕಾಂಡಾದಲ್ಲಿ (ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡೋ ವ್ಯವಸ್ಥೆ) ಕಟ್ಟಿಹಾಕಿದೆ. ವಾಪಸ್ ಬಂದು ನಮ್ಮ ಲ್ಯಾಬಿನ ಹಳೇ ಸರ್ವರ್‌ನಲ್ಲಿ ಅದೇ ಫೈಲ್ ಓಡಿಸಿದೆ. ಮೂರು ವಾರ ತಗೊಳ್ತು. ಸ್ನಿಪ್ ಎಣಿಕೆ ಅಲ್ಲಿ ಎಷ್ಟು ಬಂದಿತ್ತೋ ಇಲ್ಲೂ ಅಷ್ಟೇ ಬಂತು.