ಎರಡೂ ಎಡತೋಳು ಕತ್ತರಿಸಿದ ಶುಕ್ರವಾರ

ದಾವಣಗೆರೆಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ನನ್ನ ಟೈಲರಿಂಗ್. ತಪಸ್ಸುಕಾಲ, ಅಂದ್ರೆ ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚೆ ನಾವು ಕ್ರೈಸ್ತರು ಉಪವಾಸ, ಪ್ರಾರ್ಥನೆ ಮಾಡುವ ದಿನಗಳು, ಬಂತು ಅಂದ್ರೆ ಮೊದಲೆಲ್ಲ ನನಗೆ ಒಂಥರಾ ಹಠ ಹಿಡಿಯುತ್ತಿತ್ತು. ಅದು ಶುರುವಾಗುವ ಬೂದಿ ಬುಧವಾರದಿಂದ ಪಾಸ್ಖದ ಹಿಂದಿನ ದಿನದವರೆಗೆ 46 ದಿನ, ಅದರಲ್ಲಿ 6 ಭಾನುವಾರ ಲೆಕ್ಕಕ್ಕಿಲ್ಲ. ಉಳಿದ 40 ದಿನದಲ್ಲಿ ಎಷ್ಟು ದಿನ ಬರೀ ನೀರಲ್ಲಿ ಕಳೆದೆ ಅನ್ನೋದೇ ನನ್ನ ಭಕ್ತಿಯ ಅಳತೆ. ಪ್ರಾರ್ಥನೆ? ರಾತ್ರಿ ಮಲಗುವಾಗ ಒಂದು ಪರಲೋಕ ಮಂತ್ರ, ಅದೂ ಅರ್ಧಕ್ಕೆ ನಿದ್ದೆ.

ಒಂದು ಶುಕ್ರವಾರ ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಮಾರ್ಚ್ ಬಿಸಿಲು, ಕರೆಂಟ್ ಇಲ್ಲ, ಮದುವೆಮನೆಯ ರೇಷ್ಮೆ ಬ್ಲೌಸ್ ಪೀಸ್ ಮೇಜಿನ ಮೇಲೆ. ಒಂದು ತೋಳು ಕತ್ತರಿಸಿದೆ, ಬಟ್ಟೆಯನ್ನು ಮಗುಚಿ ಹಾಕದೆ ಹಾಗೇ ಇನ್ನೊಂದನ್ನೂ ಕತ್ತರಿಸಿದೆ, ಹೊಲಿಯೋಕೆ ಕೂತಾಗ ನೋಡಿದರೆ ಎರಡೂ ಎಡತೋಳು. ಉಳಿದ ಬಟ್ಟೆಯಲ್ಲಿ ಇನ್ನೊಂದು ತೋಳು ಬರುವಂತಿರಲಿಲ್ಲ. ನನ್ನ ಜೊತೆ ಹೆಮ್ಮಿಂಗ್ ಮಾಡುವ ಹುಡುಗಿ ಮೇಲೆ ಸುಮ್ನೆ ರೇಗಿದೆ. ಅವಳದೇನೂ ತಪ್ಪಿರಲಿಲ್ಲ, ಪಾಪ.

ಆ ವಾರ ಪಾಪನಿವೇದನೆಗೆ ಹೋದಾಗ ಎಲ್ಲ ಹೇಳಿಕೊಂಡೆ. ಫಾದರ್ ಬೈಯಲಿಲ್ಲ. "ಊಟ ಬಿಟ್ಟೆ ಸರಿ ಅಮ್ಮ, ಊಟದ ಹೊತ್ತಲ್ಲಿ ಏನು ಮಾಡಿದೆ?" ಅಂತ ಕೇಳಿದರು. ಏನು ಮಾಡಿದ್ದೆ? ಕಾಜಾ ಮಾಡಿದ್ದೆ! ಆಮೇಲೆ ಅವರೇ ಬಿಡಿಸಿ ಹೇಳಿದರು. ನಮ್ಮ ಕಥೋಲಿಕ ಧರ್ಮಸಭೆಯ ನಿಯಮದಲ್ಲಿ ಕಡ್ಡಾಯ ಉಪವಾಸ ವರ್ಷಕ್ಕೆ 2 ದಿನ ಮಾತ್ರ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೇ). ಅದೂ 18ರಿಂದ 59 ವರ್ಷದೊಳಗಿನವರಿಗೆ. ಅವತ್ತೂ ಒಂದು ಹೊಟ್ಟೆತುಂಬ ಊಟ, ಎರಡು ಸಲ ಸ್ವಲ್ಪ ಏನಾದರೂ ತಿನ್ನಬಹುದು. ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸ ಬಿಡಬೇಕು, ಅದು 14 ದಾಟಿದವರಿಗೆಲ್ಲ. ಇಷ್ಟು ವರ್ಷ ನನಗೆ ನಾನೇ ಕಾನೂನು ಮಾಡಿಕೊಂಡಿದ್ದೆ ನೋಡಿ.

ಈಗ ನಾನು ಮಾಡೋದು ಹೀಗೆ. ಬುಧವಾರ, ಶುಕ್ರವಾರ ಮಧ್ಯಾಹ್ನದ ಊಟ ಬಿಡುತ್ತೇನೆ. ಬೆಳಗ್ಗೆ ಒಂದು ಲೋಟ ರಾಗಿ ಅಂಬಲಿ, ನೀರು ಬೇಕಾದಷ್ಟು, ರಾತ್ರಿ ಊಟ. ಕತ್ತರಿ ಹಿಡಿಯುವ ಕೆಲಸವನ್ನೆಲ್ಲ ಹಿಂದಿನ ದಿನವೇ ಮುಗಿಸಿಡುತ್ತೇನೆ! ಒಂದೂವರೆಗೆ ಮೆಷಿನ್ ನಿಲ್ಲಿಸಿ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. ಅರ್ಧ ಗಂಟೆ. ಮೊದಲು ಬೈಬಲಿನ 51ನೇ ಕೀರ್ತನೆ, ಬೂದಿ ಬುಧವಾರದ ಪೂಜೆಯಲ್ಲಿ ಹಾಡುತ್ತಾರಲ್ಲ, ಅದೇ. ಕೈಯಲ್ಲೇ ಬರೆದು ಗೋಡೆಗೆ ಅಂಟಿಸಿದ್ದೇನೆ. ಪೂರ್ತಿ ಓದಿ ಮುಗಿಸುವ ಆತುರ ಬಿಟ್ಟು, ಯಾವ ಸಾಲು ಚುಚ್ಚುತ್ತೋ ಅಲ್ಲೇ ನಿಲ್ಲುತ್ತೇನೆ. ಆಮೇಲೆ ಜಪಸರ.

ಜಪಸರ ಹಿಡಿದರೆ ಮನಸ್ಸು ನಿಲ್ಲುತ್ತೆ ಅಂದುಕೊಂಡಿದ್ದೀರಾ? ಎರಡನೇ ಮಣಿಗೇ ಯಾರದೋ ಫಾಲ್ಸ್, ಯಾರದೋ ಬಾಕಿ ದುಡ್ಡು ನೆನಪಾಗುತ್ತೆ. ಅದನ್ನು ಓಡಿಸೋಕೆ ಹೋಗಿ ಹೋಗಿ ಸುಸ್ತಾಗಿ, ಈಗ ಯಾರು ನೆನಪಾಗುತ್ತಾರೋ ಅವರ ಹೆಸರಲ್ಲೇ ಆ ಮಣಿಯ ನಮೋ ಮರಿಯಾ ಪ್ರಾರ್ಥನೆ ಹೇಳಿಬಿಡುತ್ತೇನೆ. ಬಾಕಿ ಉಳಿಸಿಕೊಂಡವರಿಗೆ ನನ್ನಿಂದ ಎಷ್ಟು ಪ್ರಾರ್ಥನೆ ಸಂದಿದೆಯೋ!

ಸಂಜೆ ನಾಲ್ಕರ ಹೊತ್ತಿಗೆ ಕಷ್ಟ. ಬೀದಿ ತುದಿಯ ಗಾಡಿಯಲ್ಲಿ ಮಿರ್ಚಿ ಎಣ್ಣೆಗೆ ಬಿತ್ತು ಅಂದ್ರೆ ವಾಸನೆ ನೇರ ನನ್ನ ಮೆಷಿನ್‌ಗೇ ಬರುತ್ತೆ. ಈ ಊರಲ್ಲಿ ಮಂಡಕ್ಕಿ ಮಿರ್ಚಿ ಇಲ್ಲದೆ ಸಂಜೆ ಆಗೋದುಂಟಾ? ತಿನ್ನದೆ ಉಳಿದ ಮಂಡಕ್ಕಿ ದುಡ್ಡನ್ನು ಅವತ್ತೇ ಹಳೇ ಬಿಸ್ಕತ್ ಡಬ್ಬಿಗೆ ಹಾಕುತ್ತೇನೆ. ಶುಭ ಶುಕ್ರವಾರದ ಹಿಂದಿನ ದಿನ, ಪವಿತ್ರ ಗುರುವಾರ, ಅದನ್ನು ತೆಗೆದು, ಬೀದಿಯಲ್ಲಿ ಒಬ್ಬರೇ ಇರುವ ಅಜ್ಜಿ ಮನೆಗೆ ಅಕ್ಕಿಬೇಳೆ. ಹಸಿದವನಿಗೆ ರೊಟ್ಟಿ ಹಂಚದ ಉಪವಾಸ ಉಪವಾಸವೇ ಅಲ್ಲ ಅಂತ ಬೈಬಲಿನ ಯೆಶಾಯ 58ರಲ್ಲಿ ಇರೋದನ್ನು ಎಷ್ಟೋ ಸಲ ಕೇಳಿದ್ದೆ, ಡಬ್ಬಿ ಇಟ್ಟ ಮೇಲೆ ಕಿವಿಗೆ ಬಿತ್ತು.

ಶುಕ್ರವಾರ ಸಂಜೆ ಚರ್ಚಿನಲ್ಲಿ ಶಿಲುಬೆ ಹಾದಿ, ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು ಒಂದೊಂದು ಸ್ಥಳದಲ್ಲಿ ನಿಂತು ನೆನೆಯುವ ಪ್ರಾರ್ಥನೆ. 14 ಸ್ಥಳಗಳಲ್ಲಿ 3, 7, 9ನೆಯದರಲ್ಲಿ ಯೇಸು ಬೀಳುತ್ತಾರೆ. ಮಂಡಿ ಊರಿದಾಗ ನನಗೆ ಮೂರನೇ ಸಲದ್ದೇ ಜಾಸ್ತಿ ತಟ್ಟುತ್ತೆ. ಎದ್ದವರು ಮತ್ತೆ ಬೀಳೋದು.

2025ರಲ್ಲಿ ಒಂದು ತಮಾಷೆ ಆಯ್ತು. ರಂಜಾನ್ ಶುರುವಾಗಿ ಮೂರು ದಿನಕ್ಕೆ ಬೂದಿ ಬುಧವಾರ. ನನ್ನ ಜೊತೆಯ ಹುಡುಗಿ ಹನಿ ನೀರೂ ಕುಡಿಯದೆ ರೋಜಾ ಇಟ್ಟು, ಮುಖ ತೊಳೆದು, ನಗುತ್ತಾ ಗುಂಡಿ ಹಚ್ಚುತ್ತಿದ್ದಳು. ನಾನು ಅಂಬಲಿ ಕುಡಿದೂ ಮುಖ ಬಾಡಿಸಿಕೊಂಡು ಕೂತಿದ್ದೆ. ಉಪವಾಸ ಮಾಡುವಾಗ ಮುಖ ತೊಳೆದು ತಲೆಗೆ ಎಣ್ಣೆ ಹಚ್ಚು ಅಂತ ಮತ್ತಾಯ 6ರಲ್ಲಿ ಯೇಸು ಹೇಳಿದ್ದನ್ನು ನನಗಿಂತ ಅವಳೇ ಚೆನ್ನಾಗಿ ಪಾಲಿಸುತ್ತಿದ್ದಳು. "ಅಕ್ಕಾ, ನೀವು ಸ್ವಲ್ಪ ಮಲಗಿ" ಅಂದಳು ಬೇರೆ.

ಇನ್ನೊಂದು ಮಾತು. ಶುಗರ್ ಇರುವವರು, ಬಸುರಿಯರು ಊಟ ಬಿಡೋ ಹಠಕ್ಕೆ ಬೀಳಬೇಡಿ, ಬೇರೆ ಏನಾದರೂ ಬಿಡಿ. ನಮ್ಮಮ್ಮನಿಗೆ ಶುಗರ್. ಅವರು 40 ದಿನ ಸೀರಿಯಲ್ ನೋಡೋದು ಬಿಟ್ಟಿದ್ದಾರೆ. ನಿಜವಾಗ್ಲೂ ಟಿವಿ ಹತ್ತಿರ ಸುಳಿಯಲ್ಲ. ರಾತ್ರಿ ಊಟಕ್ಕೆ ಕೂತಾಗ ಮಾತ್ರ ಮೆಲ್ಲಗೆ ಕೇಳುತ್ತಾರೆ, "ಇವತ್ತೇನಾಯ್ತೇ ಅದ್ರಲ್ಲಿ?"