ತಟ್ಟಿದರೆ ಬಿಡುತ್ತಾರೆ

ಜೂಡೋ ಕ್ಲಾಸಿಗೆ ಸೇರಿದಾಗ ನನಗೆ ಮೂವತ್ತು ದಾಟಿತ್ತು. ಯಾರನ್ನಾದರೂ ಹೊಡೆಯಬೇಕು ಅಂತ ಹೋದವಳಲ್ಲ ನಾನು. ನನ್ನ ತೊಂದರೆ ಬೇರೆ ಇತ್ತು. ಹತ್ತಿರ ನಿಂತವರು ಕೂದಲು ಸರಿಮಾಡಿಕೊಳ್ಳಲು ಕೈ ಎತ್ತಿದರೂ ನನ್ನ ಹೆಗಲು ಬಿಗಿಯುತ್ತಿತ್ತು, ಉಸಿರು ನಿಲ್ಲುತ್ತಿತ್ತು. ಅಪ್ಪ ಕುಡಿದು ಬಂದ ರಾತ್ರಿಗಳಲ್ಲಿ ಮೈ ಕಲಿತ ಪಾಠ ಅದು. ಅಳಬಾರದು, ಅಲುಗಾಡಬಾರದು, ಮುಗಿಯುವ ತನಕ ಕಾಯಬೇಕು. ಅದರ ಬಗ್ಗೆ ಇಷ್ಟು ಸಾಕು.

ಆಗಲೇ ಕೌನ್ಸೆಲಿಂಗ್ ನಡೆಯುತ್ತಿತ್ತು. ತಲೆಗೆ ಎಲ್ಲ ಅರ್ಥವಾಗಿತ್ತು, ಮೈಗೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ. ಜೂಡೋ ಯಾಕೆ ಅಂದರೆ ಅಲ್ಲಿ ಏಟು ಇಲ್ಲ, ಹಿಡಿತ ಇದೆ. ನಮ್ಮೂರ ಗರಡಿಮನೆಗೆ ಹುಡುಗಿಯರನ್ನು ಬಿಡುತ್ತಿರಲಿಲ್ಲ. ಬಿಟ್ಟಿದ್ದರೆ ಕುಸ್ತಿಗೇ ಹೋಗುತ್ತಿದ್ದೆನೇನೋ.

ಮೊದಲು ಕಲಿಸುವುದು ಬೀಳುವುದನ್ನು. ಅದಕ್ಕೆ ಉಕೇಮಿ ಅನ್ನುತ್ತಾರೆ. ಗದ್ದ ಎದೆಗೆ ಒತ್ತಿರಬೇಕು, ಕಣ್ಣು ಬೆಲ್ಟಿನ ಗಂಟಿನ ಮೇಲಿರಬೇಕು. ಹಿಂದಕ್ಕೆ ಉರುಳಿ, ಬೆನ್ನು ತಾಗುವ ಹೊತ್ತಿಗೆ ಎರಡೂ ಕೈಯಿಂದ ಮ್ಯಾಟ್‌ಗೆ ಬಡಿಯಬೇಕು, ಉಸಿರು ಹೊರಗೆ ಬಿಡಬೇಕು. ತಲೆ ನೆಲ ಮುಟ್ಟಬಾರದು. ಹೀಗೆ ಬಿದ್ದರೆ ಪೆಟ್ಟು ಒಂದೇ ಕಡೆ ಕೂರದೆ ಹಂಚಿಹೋಗುತ್ತದೆ. ಮೊದಮೊದಲು ಆ ಸದ್ದೇ ನನಗೆ ಆಗುತ್ತಿರಲಿಲ್ಲ. ಪಕ್ಕದವರು ಧಪ್ ಅಂತ ಬಿದ್ದರೆ ಎದೆ ಹೊಡೆದುಕೊಳ್ಳುತ್ತಿತ್ತು. ಸರ್‌ಗೆ ಹೇಳಿದೆ. ಕಾರಣ ಕೇಳಲಿಲ್ಲ. "ಗೋಡೆ ಪಕ್ಕ ಪ್ರಾಕ್ಟೀಸ್ ಮಾಡಿ ಮೇಡಂ, ಬಾಗಿಲು ಕಾಣೋ ಹಾಗೆ" ಅಂದರು ಅಷ್ಟೆ. ನಾನೇ ಬಿದ್ದು ನಾನೇ ಆ ಸದ್ದು ಮಾಡುತ್ತಾ ಹೋದ ಹಾಗೆ ಅದರ ಭಯ ಸವೆಯಿತು.

ನಿಜವಾದ ಕೆಲಸ ಆಗಿದ್ದು ನೆಲದ ಪಟ್ಟುಗಳಲ್ಲಿ. ಕೇಸಾ ಗತಾಮೆ ಅಂತ ಒಂದಿದೆ. ಎದುರಾಳಿ ನಿಮ್ಮ ಪಕ್ಕೆಗೆ ಒತ್ತಿ ಕೂತು, ಒಂದು ಕೈಯಿಂದ ಕತ್ತನ್ನು ಬಳಸಿ, ಇನ್ನೊಂದರಿಂದ ನಿಮ್ಮ ತೋಳನ್ನು ಹಿಡಿದುಬಿಡುತ್ತಾರೆ. ಪಂದ್ಯದಲ್ಲಿ 20 ಸೆಕೆಂಡ್ ಹಾಗೆ ಹಿಡಿದರೆ ಇಪ್ಪಾನ್, ಆಟ ಮುಗಿಯಿತು. ಅಭ್ಯಾಸದಲ್ಲಿ ಸಾಕು ಅನ್ನಿಸಿದರೆ ಮ್ಯಾಟನ್ನೋ ಅವರ ಮೈಯನ್ನೋ ಎರಡು ಸಲ ತಟ್ಟಬೇಕು. ತಟ್ಟಿದ ಕೂಡಲೇ ಬಿಡಲೇಬೇಕು. ಮೊದಲ ಸಲ ನನಗೆ ತಟ್ಟಲು ಆಗಲಿಲ್ಲ. ಮರಗಟ್ಟಿ ಮಲಗಿದ್ದೆ. ಸರ್ ನೋಡಿದರು. ಮುಂದಿನ ವಾರ ಪಟ್ಟು ಬೇಡ, ಬರೀ ತಟ್ಟುವುದನ್ನೇ ಮಾಡಿ ಅಂದರು.

ನನ್ನ ಜೊತೆಗಾತಿ ಕಾಲೇಜು ಹುಡುಗಿ. ಅವಳು ಮೇಲೆ ಬರುತ್ತಿದ್ದಂತೆಯೇ ತಟ್ಟುತ್ತಿದ್ದೆ, ಬಿಡುತ್ತಿದ್ದಳು. "ಇನ್ನೂ ಹಿಡಿದೇ ಇಲ್ಲ ಅಕ್ಕಾ!" ಅಂತ ನಗುತ್ತಿದ್ದಳು. ನಗಲಿ ಬಿಡಿ, ನನಗೆ ಅದು ಬೇಕಿತ್ತು. ಚಿಕ್ಕವಳಿದ್ದಾಗ ನಾನು ಸಾಕು ಅಂದರೆ ಯಾರೂ ನಿಲ್ಲಿಸುತ್ತಿರಲಿಲ್ಲ. ಇಲ್ಲಿ ಬೆರಳು ತಾಗಿದರೆ ಸಾಕು, ನಿಲ್ಲುತ್ತಿತ್ತು. ಆಮೇಲೆ ಒಂದು ಉಸಿರು ತಡೆದು ತಟ್ಟಿದೆ, ಮತ್ತೆ ಇನ್ನೊಂದು ಉಸಿರು. ಬರಬರುತ್ತಾ ಸೊಂಟ ಎತ್ತಿ, ಪಕ್ಕಕ್ಕೆ ತಿರುಗಿ ತಪ್ಪಿಸಿಕೊಳ್ಳಲು ನೋಡತೊಡಗಿದೆ.

ಹೇಳಲು ಕಷ್ಟವಾದ ಭಾಗ ಇನ್ನೊಂದು. ನಾನು ಮೇಲಿದ್ದಾಗ ಅವಳು ತಟ್ಟುತ್ತಿದ್ದಳು. ಅಪ್ಪನ ಕೈ ನನಗೂ ಬಂದಿದೆಯೇನೋ ಅಂತ ಒಳಗೊಳಗೇ ಹೆದರುತ್ತಿದ್ದೆ. ಅದೇ ಭಯಕ್ಕೆ ಮಕ್ಕಳು ಬೇಡ ಅಂತಲೂ ಅಂದುಕೊಂಡಿದ್ದೆ. ಅವಳು ತಟ್ಟಿದಾಗ ನನ್ನ ಕೈ ತಾನಾಗೇ ಸಡಿಲವಾಯಿತು. ಸಿಟ್ಟು ಬಂದಿದ್ದ ದಿನವೂ ಆಯಿತು. ಯಾವ ಸಾಂತ್ವನದ ಮಾತಿಗಿಂತಲೂ ಇದನ್ನು ನಾನು ಜಾಸ್ತಿ ನಂಬಿದೆ.

ಜೂಡೋ ಕಟ್ಟಿದ ಜಿಗೊರೊ ಕಾನೊ ಕೂಡ ಸಣ್ಣ ಮೈಕಟ್ಟಿನವರು, ಶಾಲೆಯಲ್ಲಿ ಬಲವಾದ ಹುಡುಗರ ಕಾಟ ತಿಂದವರು. 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಅನ್ನುವ ಜೂಡೋ ಶಾಲೆ ಶುರು ಮಾಡಿದರು. ಜಪಾನಿನ ಹಳೆಯ ಕಾದಾಟದ ಕಲೆ ಜುಜುತ್ಸುವಿನ ಅಪಾಯದ ಪಟ್ಟುಗಳನ್ನು ಅಭ್ಯಾಸದ ಸೆಣಸಾಟದಿಂದ ತೆಗೆದರು. ಹಾಗಾಗಿ ಪೂರ್ತಿ ಬಲ ಹಾಕಿ ಸೆಣಸಿದವರೂ ನಾಳೆ ಮತ್ತೆ ಜೊತೆಯಾಗಿ ಅಭ್ಯಾಸ ಮಾಡಬಹುದು.

ಎಲ್ಲ ಕ್ಲಾಸೂ ಹೀಗಿರಲ್ಲ. ಇದಕ್ಕೆ ಮುಂಚೆ ನೋಡಿದ ಒಂದು ಕಡೆ ಅತ್ತವರಿಗೆ ಪುಶ್‌ಅಪ್ ಶಿಕ್ಷೆ ಇತ್ತು. ಅಲ್ಲಿಂದ ಹಾಗೇ ಎದ್ದು ಬಂದೆ. ಸೇರುವ ಮೊದಲು ಒಂದು ದಿನ ಸುಮ್ನೆ ಕೂತು ನೋಡಿ. ಯಾರಾದರೂ ತಟ್ಟಿದಾಗ ಏನಾಗುತ್ತೆ? ಕೇಳಿ ಮುಟ್ಟುತ್ತಾರಾ, ಕೇಳದೇ ಮುಟ್ಟುತ್ತಾರಾ? ಇವತ್ತು ಬೇಡ ಅಂದರೆ ಮುಖ ಸಿಂಡರಿಸುತ್ತಾರಾ? ಕೋಚ್ ಗೆದ್ದ ಮೆಡಲ್‌ಗಿಂತ ಇದು ಮುಖ್ಯ.

ಶುರುವಿನಲ್ಲಿ ಕೆಟ್ಟ ಕನಸು ಜಾಸ್ತಿಯೇ ಆದವು. ಕೌನ್ಸೆಲರ್‌ಗೆ ಹೇಳಿದೆ, ಕೆಲವು ದಿನ ಬರೀ ಉಕೇಮಿ ಮಾಡಿ ಮನೆಗೆ ಬಂದೆ. ಮ್ಯಾಟ್ ಒಂದೇ ಸಾಕಾಗುತ್ತಿರಲಿಲ್ಲ ನನಗೆ. ಕೌನ್ಸೆಲರ್ ಇಲ್ಲದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಕತ್ತು ಅದುಮುವ ಶಿಮೆ ವಾಜಾ ನಾನು ಇವತ್ತಿಗೂ ಮಾಡುವುದಿಲ್ಲ. ಸರ್‌ಗೆ ಗೊತ್ತು, ಹೊಸ ಜೊತೆಗಾರರಿಗೆ ನಾನೇ ಮೊದಲು ಹೇಳಿಬಿಡುತ್ತೇನೆ. ಮುಂದೆ ಮಾಡಬಹುದು, ಮಾಡದೆಯೂ ಇರಬಹುದು.