ಕೆಳಗಿನ ಕಂಪ್ಯೂಟರ್ ಮೇಲಿಂದ ಸಿಗುತ್ತಿಲ್ಲವೇ?

ಅಂಗಡಿ ಕೆಳಗೆ, ಮನೆ ಮೇಲೆ. ಬಿಲ್ಲಿಂಗ್ ಕಂಪ್ಯೂಟರ್ ತಕರಾರು ಮಾಡಿದಾಗಲೆಲ್ಲ ಮೆಟ್ಟಿಲಿಳಿಯುವುದು ಯಾಕೆ, ಮೇಲಿಂದಲೇ ನೋಡೋಣ ಅಂತ, ದೂರದ ಕಂಪ್ಯೂಟರನ್ನು ನಡೆಸಲು ವಿಂಡೋಸ್‌ನಲ್ಲಿರುವ ರಿಮೋಟ್ ಡೆಸ್ಕ್‌ಟಾಪ್ ತೆರೆಯುತ್ತೀರಿ. ಅದು ಸುತ್ತಿ ಸುತ್ತಿ, ಆಗಲ್ಲ ಅನ್ನುತ್ತದೆ. ಆಗ ಸಿಕ್ಕಸಿಕ್ಕ ಸೆಟ್ಟಿಂಗ್ ಬದಲಿಸುವವರೇ ಜಾಸ್ತಿ. ನಾನೂ ಹಾಗೇ ಅರ್ಧ ಭಾನುವಾರ ಕಳೆದಿದ್ದೇನೆ. ಕೊನೆಗೆ ಇಳಿದು ನೋಡಿದರೆ ಕೆಳಗಿನ ಕಂಪ್ಯೂಟರ್ ಸ್ಲೀಪ್‌ನಲ್ಲಿತ್ತು!

ಹಾಗಾಗಿ ಮೊದಲು ಅದನ್ನೇ ನೋಡಿ. ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ಅನ್ನು 'ನೆವರ್' ಮಾಡಿ. ಪರದೆ ಆರಿದರೆ ಪರವಾಗಿಲ್ಲ.

ಆಮೇಲೆ, ಕೆಳಗಿರುವುದು ಯಾವ ವಿಂಡೋಸ್? ಹೋಮ್ ಆವೃತ್ತಿಯಿಂದ ಬೇರೆ ಕಂಪ್ಯೂಟರಿಗೆ ಹೋಗಬಹುದು. ಅದರೊಳಗೆ ರಿಮೋಟ್ ಡೆಸ್ಕ್‌ಟಾಪ್‌ನಿಂದ ಬರುವಂತಿಲ್ಲ. ಬರಬೇಕಾದರೆ ಪ್ರೊ ಬೇಕು. ಪ್ರೊ ಇದ್ದರೂ ಸೆಟ್ಟಿಂಗ್ಸ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಆನ್ ಮಾಡಿರಬೇಕು.

ಈಗ ವಿಳಾಸ. ಎರಡೂ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ಐಪಿಕಾನ್ಫಿಗ್' (ipconfig) ಕೊಡಿ. ಐಪಿವಿ4 ಸಾಲಿನಲ್ಲಿ 192.168.1.7 ಥರದ ಸಂಖ್ಯೆ ಕಾಣುತ್ತದೆ. ಅದು 169.254 ಅಂತ ಶುರುವಾದರೆ ರೌಟರ್‌ನಿಂದ ವಿಳಾಸವೇ ಸಿಕ್ಕಿಲ್ಲ. ಕೇಬಲ್, ವೈಫೈ ನೋಡಿ. ಒಂದು 192.168.0, ಇನ್ನೊಂದು 192.168.1 ಅಂತಿದ್ದರೆ ಬಹುಶಃ ಮನೆಯಲ್ಲಿ ಎರಡು ರೌಟರ್‌ಗಳು ಬೇರೆ ಬೇರೆ ಸಂಸಾರ ಹೂಡಿವೆ. ಸಿಗ್ನಲ್ ಸಾಲದು ಅಂತ ಎರಡನೇ ರೌಟರ್ ತಂದ ಮನೆಗಳಲ್ಲಿ ಇದು ಮಾಮೂಲು. ಎರಡನೆಯದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಆಗ ಅದು ಬೇರೆ ಸಂಸಾರ ಹೂಡದೆ ಮೊದಲನೆಯದರ ನೆಟ್‌ವರ್ಕನ್ನೇ ಹರಡುತ್ತದೆ. ಗೆಸ್ಟ್ ವೈಫೈನಲ್ಲಿದ್ದರೂ ಸಾಮಾನ್ಯವಾಗಿ ಒಂದಕ್ಕೊಂದು ಕಾಣುವುದಿಲ್ಲ. ನಿನ್ನೆ 7 ಇದ್ದ ಕೊನೆಯ ಸಂಖ್ಯೆ ಇವತ್ತು 9 ಆಗಿರಲೂಬಹುದು. ರೌಟರ್‌ನಲ್ಲಿ ಆ ಕಂಪ್ಯೂಟರಿಗೆ ವಿಳಾಸ ಕಾಯ್ದಿರಿಸಿದರೆ ಈ ಕಾಟ ತಪ್ಪುತ್ತದೆ.

ಮುಂದೆ ಎಲ್ಲರೂ ಪಿಂಗ್ ಮಾಡುತ್ತಾರೆ, ಅಂದರೆ ಆ ಕಂಪ್ಯೂಟರಿಗೆ 'ಇದ್ದೀಯಾ?' ಅಂತ ಸಂದೇಶ ಕಳಿಸುತ್ತಾರೆ. ಉತ್ತರ ಬರದಿದ್ದರೆ ಕೆಟ್ಟಿತು ಅಂದುಕೊಳ್ಳುತ್ತಾರೆ. ಆದರೆ ಹೊರಗಿನಿಂದ ಬರುವುದನ್ನು ಸೋಸುವ ಕಾವಲುಗಾರ ವಿಂಡೋಸ್ ಫೈರ್‌ವಾಲ್ ಪಿಂಗ್ ಅನ್ನು ತಡೆದಿರಬಹುದು, ಅಲ್ವಾ? ಬಾಗಿಲನ್ನೇ ತಟ್ಟಿ ನೋಡುವುದು ವಾಸಿ. ಮೇಲಿನ ಕಂಪ್ಯೂಟರಿನ ಪವರ್‌ಶೆಲ್‌ನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ, 'ಟೆಸ್ಟ್-ನೆಟ್‌ಕನೆಕ್ಷನ್ 192.168.1.7 -ಪೋರ್ಟ್ 3389' (Test-NetConnection 192.168.1.7 -Port 3389) ಅಂತ ಕೊಡಿ. ವಿಳಾಸ ನಿಮ್ಮದು ಹಾಕಿ. 3389 ರಿಮೋಟ್ ಡೆಸ್ಕ್‌ಟಾಪ್‌ನ ಬಾಗಿಲು. ಕೊನೇ ಸಾಲಿನಲ್ಲಿ 'ಟ್ರೂ' ಬಂದರೆ ದಾರಿ ಸರಿ ಇದೆ. 'ಫಾಲ್ಸ್' ಬಂದರೆ ಕೆಳಗಿನ ಕಂಪ್ಯೂಟರಿನಲ್ಲಿ ನೆಟ್‌ವರ್ಕ್ ಪ್ರೊಫೈಲ್ 'ಪಬ್ಲಿಕ್' ಇದೆಯೇ ನೋಡಿ, 'ಪ್ರೈವೇಟ್' ಮಾಡಿ. ಫೈರ್‌ವಾಲ್‌ನ ಅನುಮತಿ ಪಟ್ಟಿಯಲ್ಲಿ ರಿಮೋಟ್ ಡೆಸ್ಕ್‌ಟಾಪ್‌ಗೆ ಟಿಕ್ ಹಾಕಿ. ಬೇರೆ ಆಂಟಿವೈರಸ್ ಇದ್ದರೆ ಅದರದ್ದೇ ಫೈರ್‌ವಾಲ್ ಇರಬಹುದು. ಇಡೀ ಫೈರ್‌ವಾಲ್ ಆರಿಸಿ ಸುಮ್ನೆ ಬಿಡಬೇಡಿ.

'ಟ್ರೂ' ಬಂದೂ ಒಳಗೆ ಬಿಡುತ್ತಿಲ್ಲವೇ? ಪಿನ್ ಕೊಟ್ಟಿರುತ್ತೀರಿ. ಇಲ್ಲಿ ಅದು ನಡೆಯುವುದಿಲ್ಲ, ಖಾತೆಯ ಪಾಸ್‌ವರ್ಡೇ ಬೇಕು. ಪಾಸ್‌ವರ್ಡ್ ಇಟ್ಟೇ ಇಲ್ಲದ ಖಾತೆಗೂ ಪ್ರವೇಶವಿಲ್ಲ.

ಇನ್ನೊಂದು ವಿಷಯ. ನೀವು ಹೀಗೆ ಒಳಹೊಕ್ಕರೆ ಕೆಳಗೆ ಕೂತವರ ಪರದೆ ಲಾಕ್ ಆಗುತ್ತದೆ. ಇಬ್ಬರೂ ಒಂದೇ ಪರದೆ ನೋಡುತ್ತಾ ಮಾತಾಡಬೇಕಾದರೆ ಮೈಕ್ರೋಸಾಫ್ಟ್‌ನ ಪರದೆ ಹಂಚುವ ಆ್ಯಪ್ ಕ್ವಿಕ್ ಅಸಿಸ್ಟ್ ಸರಿ. ಅದು ಹೋಮ್‌ನಲ್ಲೂ ನಡೆಯುತ್ತದೆ, ಇಂಟರ್ನೆಟ್ ಮಾತ್ರ ಬೇಕು. ಸಹಾಯ ಮಾಡುವವರು ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಕೋಡ್ ಕೊಡಬೇಕು. ಕೋಡ್‌ಗೆ ಆಯಸ್ಸು ಕಡಿಮೆ, ಬೇಗ ಹಾಕಿಸಿ. ನಡುವೆ ನಿಮಗೆ ಪರದೆ ಕಪ್ಪಾದರೆ ಗಾಬರಿ ಬೇಡ. ಅಲ್ಲಿ ವಿಂಡೋಸ್ ಅನುಮತಿ ಕೇಳುತ್ತಿರುತ್ತದೆ. ಕೆಳಗಿರುವವರಿಗೆ 'ಎಸ್' ಒತ್ತಲು ಹೇಳಿ.